ತನಿಖಾ ವರದಿಗೆ ಊರವರು ಹಣ ಹಾಕಬಹುದೇ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳನ್ನು ಮನೆಯ ಪರಿಸ್ಥಿತಿಯ ಕಾರಣಕ್ಕೆ ಮಕ್ಕಳ ಪಾಲನಾ ಸಂಸ್ಥೆಗೆ ಸೇರಿಸಿದರು. ಎರಡೇ ವರ್ಷದಲ್ಲಿ ಅವಳನ್ನು ಮೂರು ಕಡೆಗೆ ಸ್ಥಳಾಂತರಿಸಿದರು. ಯಾಕೆಂದು ಅವಳ ತಾಯಿಗೂ ಯಾರೂ ಹೇಳಲಿಲ್ಲ, ಕೇಳಿಕೊಂಡು ಹೋದ ನನಗೂ ಹೇಳಲಿಲ್ಲ. ಈಗ ಅವಳು ತಾಯಿಯ ಜೊತೆಗಿದ್ದಾಳೆ, ಪಿಯುಸಿ ಓದುತ್ತಿದ್ದಾಳೆ. ಅವಳೊಬ್ಬಳ ಕಥೆಯಲ್ಲ ಇದು ಎಂದು ನನಗೆ ಅನಿಸಿದೆ. ಹಳೆಯ ವಿದ್ಯಾರ್ಥಿಗಳ ಬಳಿ ಹೇಳಿಕೊಂಡೆ. ನಾವೇ ಹಣ ಹಾಕಿ ಒಬ್ಬ ಒಳ್ಳೆಯ ವರದಿಗಾರರಿಂದ ಜಿಲ್ಲೆಯ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ ಬರೆಸೋಣ ಎಂದು ಅವರೇ ಮುಂದೆ ಬಂದಿದ್ದಾರೆ. ಆರು ಲಕ್ಷ ರೂಪಾಯಿಯ ಮಾತಾಗಿದೆ. ಆದರೆ ಒಬ್ಬರು, ಹಣ ಕೊಟ್ಟು ಬರೆಸಿದರೆ ಅದು ಕಾಸಿಗಾಗಿ ಸುದ್ದಿ ಆಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಮಕ್ಕಳ ವಿಷಯ ಬರೆಯುವುದೇ ಕಾನೂನುಬಾಹಿರ ಎನ್ನುತ್ತಾರೆ. ಮಗ ದುಬೈಯಿಂದ, ಅಣ್ಣನ ಮಗಳು ನ್ಯೂಜೆರ್ಸಿಯಿಂದ ಕಳುಹಿಸುತ್ತೇವೆ ಎಂದಿದ್ದಾರೆ. ದಾನಿಗಳಲ್ಲಿ ಒಬ್ಬರು ತಾವೇ ಒಂದು ಆಶ್ರಮದ ಟ್ರಸ್ಟಿ. 'ನಮ್ಮದನ್ನು ಬಿಟ್ಟು ಉಳಿದದ್ದನ್ನು ನೋಡಲಿ' ಎಂದು ನಗುತ್ತಲೇ ಹೇಳಿದರು. ವರದಿ ಬಂದು ಸಂಸ್ಥೆಗಳಿಗೆ ಬೀಗ ಬಿದ್ದರೆ ಮಕ್ಕಳು ಬೀದಿಗೆ ಬೀಳುತ್ತಾರೆಯೇ ಎಂಬ ಹೆದರಿಕೆಯೂ ನನಗಿದೆ. ಏನು ಮಾಡಲಿ?

ಉತ್ತರ: ಟೀಚರೇ, ನಿಮ್ಮ ಪತ್ರವನ್ನು ಬಂದ ಹಾಗೆಯೇ ಪ್ರಕಟಿಸಿದ್ದರೆ ನೀವೂ ನಾನೂ ಸೇರಿ ಒಂದು ಅಪರಾಧ ಮಾಡಿದಂತಾಗುತ್ತಿತ್ತು. ಅದರಲ್ಲಿ ಶಾಲೆಯ ಹೆಸರಿತ್ತು, ವರ್ಷವಿತ್ತು, ಹುಡುಗಿಯ ತಂದೆಯ ಕಸುಬಿತ್ತು, ಮನೆ ಯಾವ ದೈವಸ್ಥಾನದ ಹಿಂದೆ ಎಂಬುದೂ ಇತ್ತು. ನಾಲ್ಕನ್ನೂ ತೆಗೆದಿದ್ದೇನೆ. ಹುಡುಗಿಯ ಹೆಸರನ್ನು ನೀವು ಜಾಗ್ರತೆಯಿಂದ ಬಿಟ್ಟಿದ್ದಿರಿ, ನಿಜ. ಆದರೆ ನಮ್ಮ ಊರುಗಳಲ್ಲಿ ಹೆಸರು ಯಾರಿಗೆ ಬೇಕು? ಈ ನಾಲ್ಕು ಸಿಕ್ಕಿದರೆ ಬಸ್ ನಿಲ್ದಾಣದ ಹೂವಿನ ಅಂಗಡಿಯವರೂ ಮನೆ ತೋರಿಸುತ್ತಾರೆ.

ಆದ್ದರಿಂದ ನಿಮ್ಮ ಎರಡನೆಯ ಗೆಳೆಯರ ಮಾತಿನಿಂದಲೇ ಆರಂಭಿಸುತ್ತೇನೆ. ಅದು ಅರ್ಧ ನಿಜ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಮಾತ್ರವಲ್ಲ, ಗುರುತು ಹಿಡಿಯಲು ದಾರಿಯಾಗುವ ಯಾವುದೇ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಇನ್ನೂ ಬಿಗಿ. ಅಲ್ಲಿ ವರದಿಗಾರನ ಜೊತೆಗೆ ಪ್ರಕಾಶಕನೂ ಮಾಲೀಕನೂ ಹೊಣೆ. ಇದಿಷ್ಟು ನಿಜದ ಭಾಗ.

ಉಳಿದರ್ಧ ತಪ್ಪು. ವ್ಯವಸ್ಥೆಯ ಬಗ್ಗೆ ಬರೆಯುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಎಷ್ಟು ದಿನ ಸಭೆ ಸೇರಿತು, ತಪಾಸಣೆ ನಡೆಯಿತೇ, ಬಂದ ಅನುದಾನ ಯಾವುದಕ್ಕೆ ಹೋಯಿತು ಎಂಬುದರಲ್ಲಿ ಯಾವ ಮಗುವಿನ ಗುಟ್ಟೂ ಇಲ್ಲ. 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ ಪಟ್ನಾ ಹೈಕೋರ್ಟು ತನಿಖೆಯ ವರದಿಗಾರಿಕೆಯನ್ನೇ ನಿಷೇಧಿಸಿತ್ತು. ಅಷ್ಟು ಸಾರಾಸಗಟು ನಿಷೇಧ ಸಲ್ಲದು ಎಂದು ಸುಪ್ರೀಂ ಕೋರ್ಟು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ತೆರವುಗೊಳಿಸಿತು. ಮಕ್ಕಳ ಗುರುತನ್ನು ಕಾಯುವ ಷರತ್ತು ಮಾತ್ರ ಹಾಗೆಯೇ ಉಳಿಯಿತು.

ಈ ವಿಷಯದಲ್ಲಿ ನಾನು ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ವಕೀಲೆಯಾಗುವ ಮುನ್ನ ಹನ್ನೆರಡು ವರ್ಷ ಕರಾವಳಿಯಲ್ಲಿ ವರದಿಗಾರ್ತಿಯಾಗಿದ್ದೆ. ಆಗ ಬರೆದ ಒಂದು ವರದಿಯಲ್ಲಿ ಹೆಸರಿರಲಿಲ್ಲ, ಊರಿರಲಿಲ್ಲ. 'ಮೀನುಗಾರ ಕುಟುಂಬದ, ಒಂಬತ್ತನೇ ತರಗತಿಯ, ಕಬಡ್ಡಿಯಲ್ಲಿ ಜಿಲ್ಲಾಮಟ್ಟಕ್ಕೆ ಹೋಗಿದ್ದ ಬಾಲಕಿ' ಎಂದಷ್ಟೇ ಬರೆದಿದ್ದೆ. ಕಬಡ್ಡಿಯ ಮಾತು ಓದುಗರ ಮನಸ್ಸಿಗೆ ನಾಟಲಿ ಎಂದು ಸೇರಿಸಿದ್ದು. ಪತ್ರಿಕೆ ಬಂದ ದಿನ ಸಂಜೆಯೊಳಗೆ ತಾಲೂಕಿಗೆಲ್ಲ ಗೊತ್ತಾಯಿತು. ಹುಡುಗಿ ಶಾಲೆ ಬಿಟ್ಟಳು. ಆ ಒಂದು ವಿಶೇಷಣ ಇಲ್ಲದಿದ್ದರೂ ವರದಿ ಅಷ್ಟೇ ಗಟ್ಟಿಯಾಗಿರುತ್ತಿತ್ತು. ಈಗ ಸಣ್ಣ ಮಾಧ್ಯಮಗಳ ಬರಹಗಳನ್ನು ಪ್ರಕಟಣೆಗೆ ಮುಂಚೆ ಓದಿಕೊಡುವ ಕೆಲಸದಲ್ಲಿ ನಾನು ಮೊದಲು ಹುಡುಕುವುದು ಇಂಥ ಕಬಡ್ಡಿಗಳನ್ನೇ.

ಇನ್ನು ಕಾಸಿಗಾಗಿ ಸುದ್ದಿ. ನಗದೋ ವಸ್ತುವೋ ಪ್ರತಿಫಲವಾಗಿ ಪಡೆದು ಪ್ರಕಟಿಸಿದ ಸುದ್ದಿ ಅಥವಾ ವಿಶ್ಲೇಷಣೆಯನ್ನು ಪ್ರೆಸ್ ಕೌನ್ಸಿಲ್ ಹಾಗೆ ಕರೆಯುತ್ತದೆ. ಅಲ್ಲಿ ಹಣಕ್ಕೆ ಬದಲಾಗಿ ಸಿಗುವುದು ಹಣ ಕೊಟ್ಟವನಿಗೆ ಬೇಕಾದ ಮಾತು, ಮತ್ತು ಹಣ ಸಂದದ್ದು ಓದುಗನಿಗೆ ಗೊತ್ತಿರುವುದಿಲ್ಲ. ನೀವು ಕೊಡುವ ಹಣದಿಂದ ಈ ಎರಡನ್ನೂ ಕಿತ್ತುಹಾಕಿದರೆ ಆ ಹೆಸರು ಅಂಟುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಹರಕೆಯ ಯಕ್ಷಗಾನ ಆಟ ಆಡಿಸುವ ಮನೆಯವರು ಮೇಳಕ್ಕೆ ವೀಳ್ಯ ಕೊಡುತ್ತಾರೆ, ಊಟ ಹಾಕುತ್ತಾರೆ, ಯಾವ ಪ್ರಸಂಗ ಎಂಬ ಮಾತನ್ನೂ ಆಡಿಕೊಳ್ಳುತ್ತಾರೆ. ಆದರೆ ನಡುರಾತ್ರಿ ರಂಗಸ್ಥಳಕ್ಕೆ ನುಗ್ಗಿ ಭಾಗವತರ ಕೈಯಿಂದ ಜಾಗಟೆ ಕಸಿದುಕೊಳ್ಳುವುದಿಲ್ಲ. ನೀವು ಕೂಡ 'ಉಡುಪಿ ಜಿಲ್ಲೆಯ ಮಕ್ಕಳ ರಕ್ಷಣಾ ವ್ಯವಸ್ಥೆ' ಎಂಬ ಪ್ರಸಂಗ ಹೇಳಬಹುದು. ಯಾರು ಕೊನೆಗೆ ರಾಕ್ಷಸನಾಗಬೇಕು ಎಂದು ಹೇಳುವಂತಿಲ್ಲ. ವರದಿಯ ಕರಡನ್ನು ನೀವು ಮುಂಚಿತವಾಗಿ ಓದಲೂಬಾರದು. ಈ ಷರತ್ತು ದಾನಿಗಳಿಗೆ ಬಹಳ ಕಹಿ. ಲಕ್ಷ ಕೊಟ್ಟವನಿಗೆ ಒಂದು ಪುಟ ಓದುವ ಹಕ್ಕೂ ಇಲ್ಲವೇ ಎಂದು ಕೇಳುತ್ತಾರೆ. ಇಲ್ಲ. ಓದಿದ ಮೇಲೆ ನಾಳೆ ನ್ಯಾಯಾಲಯದಲ್ಲಿ 'ಈ ವಾಕ್ಯ ನಿಮ್ಮದೇ?' ಎಂದು ಕೇಳಿದಾಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಹಣದ ಮೂಲವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಮುಜಫ್ಫರ್‌ಪುರವನ್ನೇ ನೋಡಿ. ಅಲ್ಲಿನ ಭೀಕರತೆ ಹೊರಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ರಾಜ್ಯದ ಆಶ್ರಯಧಾಮಗಳಲ್ಲಿ ನಡೆಸಿದ ಸಾಮಾಜಿಕ ಪರಿಶೋಧನೆಯಿಂದ. ಅದನ್ನು ಮಾಡಿಸಿದ್ದು ಬಿಹಾರ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯೇ. ಇನ್ನೊಂದು ಕಡೆ, ಆ ಬಾಲಿಕಾಗೃಹ ನಡೆಸುತ್ತಿದ್ದವನೇ ಒಂದು ಹಿಂದಿ ದಿನಪತ್ರಿಕೆಯ ಒಡೆಯನಾಗಿದ್ದ. 2020ರ ಫೆಬ್ರವರಿಯಲ್ಲಿ ದೆಹಲಿಯ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸರ್ಕಾರ ಮಾಡಿಸಿದ ಪರಿಶೋಧನೆ ಸತ್ಯ ಹೇಳಿತು. ಪತ್ರಿಕೆಯ ಒಡೆಯನೇ ಅಪರಾಧಿಯಾಗಿದ್ದ.

ಹಾಗಾದರೆ ನಮ್ಮ ಪತ್ರಿಕೆಗಳು ಇದನ್ನು ತಾವಾಗಿಯೇ ಯಾಕೆ ಮಾಡುವುದಿಲ್ಲ? ಹೆದರಿಕೆ ಎನ್ನುವುದು ಸುಲಭದ ಉತ್ತರ. ನಾನು ಕಂಡ ಹಾಗೆ ಹೆದರಿಕೆಗಿಂತ ದೊಡ್ಡದು ಸಮಯದ ಬಡತನ. ತಾಲೂಕಿನ ವರದಿಗಾರ ದಿನಕ್ಕೆ ನಾಲ್ಕೈದು ಸುದ್ದಿ ಕಳುಹಿಸಬೇಕು. ಅಪಘಾತ, ಬ್ರಹ್ಮಕಲಶ, ಗ್ರಾಮಸಭೆ, ಮಳೆಗೆ ಬಿದ್ದ ಮರ. ಬಿಡಿ ಸುದ್ದಿಗೆ ಇಷ್ಟು ಎಂದು ಸಂಭಾವನೆ ಪಡೆಯುವವರೇ ಹೆಚ್ಚು. ಒಂದು ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬರಲು ಮೂವತ್ತು ದಿನ, ಬರದಿದ್ದರೆ ಮೇಲ್ಮನವಿ. ಅಷ್ಟು ಕಾಲ ಅವನ ಮನೆಯ ಒಲೆ ಉರಿಯುವುದು ಹೇಗೆ? ಜೊತೆಗೆ, ಆಶ್ರಮ ನಡೆಸುವ ಟ್ರಸ್ಟುಗಳೇ ಶಾಲೆಯನ್ನೂ ಆಸ್ಪತ್ರೆಯನ್ನೂ ನಡೆಸುತ್ತಿದ್ದರೆ ಜಾಹೀರಾತಿನ ಲೆಕ್ಕವೂ ಸುದ್ದಿಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ 'ಮುಂಗಾರು' ದಿನಪತ್ರಿಕೆ ಆರಂಭಿಸಿದಾಗ ಓದುಗರಿಂದಲೇ ಷೇರು ಹಣ ಕೂಡಿಸಿದ್ದು ಈ ಲೆಕ್ಕದಿಂದ ಬಿಡಿಸಿಕೊಳ್ಳಲಿಕ್ಕೇ. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ಓದುಗರ ಹಣದಲ್ಲಿ ಸುದ್ದಿ ಮಾಡುವ ನಿಮ್ಮ ಯೋಚನೆ ಈ ನೆಲಕ್ಕೆ ಹೊಸದಲ್ಲ ಎಂದು ನಿಮ್ಮ ಗೆಳೆಯರಿಗೆ ಹೇಳಬಹುದು. ನಿಮ್ಮ ಆರು ಲಕ್ಷ ಕೊಳ್ಳಬೇಕಾದದ್ದು ಇಷ್ಟನ್ನೇ: ಒಬ್ಬ ವರದಿಗಾರನ ಕೆಲವು ತಿಂಗಳುಗಳು.

ಆ ತಿಂಗಳುಗಳಲ್ಲಿ ಏನು ನೋಡಬೇಕು ಎಂಬುದು ನನ್ನ ಪ್ರಕಾರ ಹಣಕ್ಕಿಂತ ದೊಡ್ಡ ಪ್ರಶ್ನೆ. ಊರವರು ಹಣ ಹಾಕಿದಾಗ ಒಬ್ಬ ದುಷ್ಟ ಸಿಗಲಿ ಎಂದು ಆಸೆಪಡುತ್ತಾರೆ. ನಿಮ್ಮ ವಿದ್ಯಾರ್ಥಿನಿಯ ಪ್ರಕರಣದಲ್ಲಿ ದುಷ್ಟ ಯಾರೂ ಇಲ್ಲದೆಯೂ ಇರಬಹುದು. ಹನ್ನೆರಡು ವರ್ಷ ತುಂಬಿದ್ದರಿಂದ ಒಂದು ಕಡೆ, ನೋಂದಣಿ ನವೀಕರಣವಾಗದೆ ಇನ್ನೊಂದು ಕಡೆ, ಜಾಗ ಇಲ್ಲವೆಂದು ಮೂರನೆಯ ಕಡೆ ಹೀಗೆ ಮಗು ಫೈಲಿನ ಹಿಂದೆ ಅಲೆಯುವುದನ್ನು ನಾನು ಕಂಡಿದ್ದೇನೆ. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಮಟ್ಟಿಗೆ ಸರಿಯಾಗಿಯೇ ಸಹಿ ಹಾಕಿರುತ್ತಾನೆ. ಮಗುವಿಗೂ ತಾಯಿಗೂ ಕಾರಣ ಹೇಳುವುದು ಮಾತ್ರ ಯಾರ ಕೆಲಸವೂ ಆಗಿರುವುದಿಲ್ಲ.

ಬಾಲನ್ಯಾಯ ಕಾಯ್ದೆಯ ಒಳಗೇ ವರದಿಗಾರನಿಗೆ ಬೇಕಾದ ಅಳತೆಗೋಲುಗಳಿವೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರ ಜೊತೆ ನಾಲ್ವರು ಸದಸ್ಯರಿರಬೇಕು. ತಿಂಗಳಿಗೆ ಕನಿಷ್ಠ ಇಪ್ಪತ್ತು ದಿನ ಸಭೆ ಸೇರಬೇಕು. ಮಗುವಿನ ಮನೆಯ ಪರಿಸ್ಥಿತಿಯ ಸಾಮಾಜಿಕ ತನಿಖಾ ವರದಿ ಹದಿನೈದು ದಿನಗಳಲ್ಲಿ ಬರಬೇಕು. ಪ್ರತಿ ಸಂಸ್ಥೆಗೂ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ಆ ತಂಡದಲ್ಲಿ ಮೂವರಿಗಿಂತ ಕಡಿಮೆ ಇರಬಾರದು, ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ ಇರಬೇಕು. 2021ರ ತಿದ್ದುಪಡಿಯ ನಂತರ, ಜಿಲ್ಲೆಯ ಮಕ್ಕಳ ಸಂಸ್ಥೆಯ ಆಡಳಿತದಲ್ಲಿರುವವರು ಸಮಿತಿಯ ಸದಸ್ಯರಾಗುವಂತಿಲ್ಲ. ಇವುಗಳಲ್ಲಿ ಪ್ರತಿಯೊಂದನ್ನೂ ದಾಖಲೆ ನೋಡಿ ಹೌದು ಅಥವಾ ಇಲ್ಲ ಎಂದು ಹೇಳಬಹುದು. ಯಾವ ಮಗುವಿನ ಬಾಯನ್ನೂ ಬಿಡಿಸಬೇಕಿಲ್ಲ.

ನಾನಾದರೆ ಮೊದಲು ಹೊರಡುವುದು ಇನ್ನೂ ಒಂದು ಹೆಜ್ಜೆ ಹಿಂದಿನಿಂದ. 'ಅನಾಥಾಶ್ರಮ' ಎಂದು ಬೋರ್ಡು ಇರುತ್ತದೆ, ಆದರೆ ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇದ್ದರು. ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆಗಳಿಂದ ಬಂದ ಕುಟುಂಬಗಳು. ಗಂಡ ತೀರಿಹೋಗಿ ಬೀಡಿ ಕಟ್ಟುವ ತಾಯಂದಿರು. ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಅಡಿಯಲ್ಲಿ ಪ್ರಾಯೋಜಕತ್ವ ಎಂಬ ಸೌಲಭ್ಯವಿದೆ: ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಭಾಗದಲ್ಲಿ ಕುಟುಂಬದ ವಾರ್ಷಿಕ ವರಮಾನ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಖರ್ಚಿನಲ್ಲಿ ಕೇಂದ್ರದ್ದು ನೂರಕ್ಕೆ ಅರುವತ್ತು, ರಾಜ್ಯದ್ದು ನಲವತ್ತು. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಹಣ ಎಷ್ಟು ತಿಂಗಳು ತಡವಾಯಿತು, ಅಷ್ಟರೊಳಗೆ ಎಷ್ಟು ಮಕ್ಕಳು ಸಂಸ್ಥೆ ಸೇರಿದರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ, ಬೀಗ ಒಡೆದು ಒಳನುಗ್ಗುವ ಯಾವ ಸಾಹಸದ ವರದಿಗಿಂತಲೂ ಅದು ತೂಕದ್ದು.

ಕೇಳುವ ಕ್ರಮದ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಎಂಬ ನಿಯಮ ಇಲ್ಲಿದೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿಸಿ ಕಳುಹಿಸಿದ ಅರ್ಜಿಗಳು ಹಾಗೆಯೇ ವಾಪಸಾಗುವುದನ್ನು ನೋಡಿದ್ದೇನೆ. ಹತ್ತು ಸಣ್ಣ ಅರ್ಜಿಗಳು ಒಂದು ದೊಡ್ಡ ಅರ್ಜಿಗಿಂತ ಮೇಲು. ಖಾಸಗಿ ಸಂಸ್ಥೆಯನ್ನು ಕೇಳಿದರೆ 'ನಾವು ಸಾರ್ವಜನಿಕ ಪ್ರಾಧಿಕಾರವಲ್ಲ' ಎನ್ನಬಹುದು. ಆದ್ದರಿಂದ ಅವರ ಬಗ್ಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಳಿ ಇರುವ ಕಡತವನ್ನು ಘಟಕದಿಂದಲೇ ಕೇಳಬೇಕು. ಮಕ್ಕಳ ಹೆಸರಿರುವ ಪಟ್ಟಿ ಕೇಳಲೇಬಾರದು. ಸಂಖ್ಯೆ, ದಿನಾಂಕ, ಮೊತ್ತ ಮಾತ್ರ. ವೈಯಕ್ತಿಕ ಮಾಹಿತಿಯ ವಿನಾಯಿತಿ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯಿಂದ ಮೊದಲಿಗಿಂತ ಅಗಲವಾಗಿದೆ. ಹೆಸರು ಕೇಳಿದ ಅರ್ಜಿ ಅಲ್ಲಿಯೇ ಮುಗಿಯುತ್ತದೆ.

ಈಗ ಹಣ ಕೊಡುವ ದಾರಿಗಳು. ಹೆಚ್ಚಿನವರಿಗೆ ಮೊದಲು ಹೊಳೆಯುವುದು ವರದಿಗಾರನ ಮೊಬೈಲಿಗೆ ನೇರವಾಗಿ ಹಣ ಹಾಕುವುದು. ದಯವಿಟ್ಟು ಅದನ್ನು ಮಾಡಬೇಡಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ 50,000 ರೂಪಾಯಿ ದಾಟಿದರೆ ಅಷ್ಟೂ ಮೊತ್ತ ಅವನ ತೆರಿಗೆಯ ಆದಾಯವಾಗುತ್ತದೆ. ಅದಾದರೂ ಸಣ್ಣ ತೊಂದರೆ. ಲೀಗಲ್ ನೋಟಿಸ್ ಬಂದ ದಿನ ಅವನ ಬೆನ್ನಿಗೆ ಯಾವ ಸಂಸ್ಥೆಯೂ ಇರುವುದಿಲ್ಲ, ಮತ್ತು ಎದುರು ಪಕ್ಷದ ವಕೀಲರು ಹಿಡಿದು ತೋರಿಸುವ ಮೊದಲ ಕಾಗದ ಅವನ ಬ್ಯಾಂಕ್ ಪಾಸ್‌ಬುಕ್ ಆಗಿರುತ್ತದೆ.

ಎರಡನೆಯದು, ನಿಮ್ಮದೇ ಟ್ರಸ್ಟು ಅಥವಾ ಲಾಭರಹಿತ ಕಂಪನಿ. ಹೆಸರು ಗಂಭೀರವಾಗಿ ಕೇಳಿಸುತ್ತದೆ. ಆರು ಲಕ್ಷಕ್ಕೆ ಇದು ಇಲಿಯನ್ನು ಹಿಡಿಯಲು ಗುಡ್ಡ ಅಗೆದಂತೆ: ನೋಂದಣಿ, ಪ್ರತಿವರ್ಷದ ಲೆಕ್ಕಪರಿಶೋಧನೆ, ದಾನಿಗಳಿಗೆ ತೆರಿಗೆ ವಿನಾಯಿತಿ ಬೇಕೆಂದರೆ ಅದಕ್ಕೆ ಬೇರೆ ಅರ್ಜಿ. ಸುದ್ದಿ ಮಾಡುವುದು ಧರ್ಮಕಾರ್ಯ ಎಂದು ತೆರಿಗೆ ಅಧಿಕಾರಿ ಸುಲಭವಾಗಿ ಒಪ್ಪುವುದೂ ಇಲ್ಲ. ಸ್ವತಂತ್ರ ಪತ್ರಿಕೋದ್ಯಮಕ್ಕೆ ಭಾರತೀಯ ದಾನಿಗಳ ಹಣ ಒದಗಿಸಲೆಂದೇ 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಷ್ಠಾನದ ಕಚೇರಿಗೆ 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆಯವರು ಬಂದಿದ್ದರು. ಅಷ್ಟು ದೊಡ್ಡವರಿಗೆ ವಕೀಲರೂ ಲೆಕ್ಕಿಗರೂ ಇದ್ದಾರೆ. ಹಳೆ ವಿದ್ಯಾರ್ಥಿ ಸಂಘಕ್ಕೆ ಇಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ತರುತ್ತೇನೆ ಎನ್ನುವವರು ನಿಮ್ಮ ಗುಂಪಿನಲ್ಲಿದ್ದರೆ ಆ ಆಸೆಯನ್ನೂ ಬಿಡಿಸಿ. ಅದಕ್ಕೆ ಒಪ್ಪಿತವಾದ ಕಾರ್ಯಗಳ ಪಟ್ಟಿಯಲ್ಲಿ ಸುದ್ದಿ ಇಲ್ಲ.

ಮೂರನೆಯದು, ಈಗಾಗಲೇ ನಡೆಯುತ್ತಿರುವ ಸುದ್ದಿಸಂಸ್ಥೆಯೊಂದಕ್ಕೆ ಲಿಖಿತ ಒಪ್ಪಂದದ ಮೇಲೆ ಕೊಡುವುದು. ನಾನು ಹೇಳುವುದು ಇದನ್ನೇ. ಒಪ್ಪಂದ ಎರಡು ಪುಟಕ್ಕಿಂತ ಹೆಚ್ಚಿರಬೇಕಿಲ್ಲ. ಹಣ ಈ ವಿಷಯದ ಶೋಧಕ್ಕೆ ಮಾತ್ರ. ಸಂಪಾದಕೀಯ ತೀರ್ಮಾನ ಪೂರ್ತಿ ಸಂಪಾದಕರದ್ದು. ದಾನಿಗಳು ಯಾರೆಂದು ವರದಿಯ ಜೊತೆಗೇ ಪ್ರಕಟವಾಗಬೇಕು. ಏನೂ ಸಿಗದಿದ್ದರೆ 'ಏನೂ ಸಿಗಲಿಲ್ಲ' ಎಂದೇ ಬರೆಯಬಹುದು, ಹಣ ವಾಪಸು ಕೇಳುವಂತಿಲ್ಲ. ಈ ಕೊನೆಯ ಮಾತನ್ನು ಮರೆಯಬೇಡಿ. ಏನಾದರೂ ಸಿಗಲೇಬೇಕು ಎಂಬ ಒತ್ತಡದಲ್ಲಿರುವ ವರದಿಗಾರ ಸಣ್ಣ ಲೋಪವನ್ನು ಹಗರಣವಾಗಿ ಉಬ್ಬಿಸುತ್ತಾನೆ. ಅಪಾಯ ಇಲ್ಲಿಯೂ ಇದೆ: ಸಂಸ್ಥೆಯ ಆಡಳಿತ ಮಂಡಳಿ ಬದಲಾಗಬಹುದು, ಜಾಹೀರಾತುದಾರರ ಫೋನ್ ಬಂದು ವರದಿ ಕಪಾಟು ಸೇರಬಹುದು. ಆದ್ದರಿಂದ ಇಷ್ಟು ತಿಂಗಳೊಳಗೆ ಪ್ರಕಟಿಸದಿದ್ದರೆ ವರದಿಗಾರ ಅದನ್ನು ಬೇರೆಡೆ ಪ್ರಕಟಿಸಬಹುದು ಎಂಬ ಸಾಲೊಂದನ್ನು ಸೇರಿಸಿ. ಅಂಥ ಸಂಸ್ಥೆ ಸಿಗದಿದ್ದರೆ ಪತ್ರಿಕೋದ್ಯಮ ವಿಭಾಗವಿರುವ ಕಾಲೇಜೊಂದು ಫೆಲೋಶಿಪ್ ಎಂದು ಹಣವನ್ನು ನಿರ್ವಹಿಸೀತೇ ಎಂದು ಕೇಳಿ ನೋಡಬಹುದು. ಕಾಲೇಜಿನ ಆಡಳಿತವೇ ಮಕ್ಕಳ ಸಂಸ್ಥೆಯನ್ನೂ ನಡೆಸುತ್ತಿಲ್ಲ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಅದು ಅಪರೂಪವಲ್ಲ.

ನಿಮ್ಮ ಮಗ ಮತ್ತು ಅಣ್ಣನ ಮಗಳ ವಿಷಯದಲ್ಲಿ ವ್ಯತ್ಯಾಸ ಮಾಡುವುದು ಅವರು ಇರುವ ದೇಶವಲ್ಲ, ಕೈಯಲ್ಲಿರುವ ಪಾಸ್‌ಪೋರ್ಟ್. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ವರದಿಗಾರರು, ಸಂಪಾದಕರು, ಪತ್ರಿಕೆಯ ಪ್ರಕಾಶಕರು, ಸುದ್ದಿ ಪ್ರಸಾರ ಮಾಡುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನೇ ನಿಷೇಧಿಸಿದೆ. ನೋಂದಣಿ ಮಾಡಿಸಿಕೊಂಡರೂ ದಾರಿಯಿಲ್ಲ. ಮಗ ಭಾರತದ ಪೌರನಾಗಿಯೇ ದುಬೈಯಲ್ಲಿ ದುಡಿಯುತ್ತಿದ್ದರೆ, ಅವನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವನ ಕಂಪನಿಯ ಹಣವಾದರೆ ಎನಿಸುತ್ತದೆ. ಅಣ್ಣನ ಮಗಳು ಅಮೆರಿಕದ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯಳೆಂಬ ಕಾರ್ಡ್ ಇದ್ದರೂ ಅವಳ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟಬೇಡಿ. ಅವಳ ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಂಡು ಅಲ್ಲಿಂದ ಕೊಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟಾರು. ಆ ಜಾಣತನ ಇಡೀ ವರದಿಯನ್ನು ಮುಳುಗಿಸುತ್ತದೆ.

ದೊಡ್ಡ ದಾನಿಗಳು ಕಡಿಮೆಯಾದರೆ ಬೇಸರಪಡಬೇಡಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಆರಂಭಿಸಿದ ಊರು ನಮ್ಮದು. ತಿಂಗಳಿಗೆ ಇನ್ನೂರು ರೂಪಾಯಿ ಕೊಡುವ ನೂರಿಪ್ಪತ್ತೈದು ಮಂದಿ ಸಿಕ್ಕಿದರೆ ಎರಡು ವರ್ಷಕ್ಕೆ ಆರು ಲಕ್ಷವಾಗುತ್ತದೆ. ಐದು ಲಕ್ಷ ಒಬ್ಬರೇ ಕೊಡುವುದಕ್ಕಿಂತ ಇದು ಎಷ್ಟೋ ನೆಮ್ಮದಿ; ಇನ್ನೂರು ರೂಪಾಯಿಯವರು ಯಾರೂ ಸಂಪಾದಕರಿಗೆ ಫೋನ್ ಮಾಡುವುದಿಲ್ಲ.

ಖರ್ಚಿನ ಅಂದಾಜು ನಾನು ಹೀಗೆ ಹಾಕುತ್ತೇನೆ. ವರದಿಗಾರರಿಗೆ ತಿಂಗಳಿಗೆ 45,000ದಂತೆ ಐದು ತಿಂಗಳಿಗೆ 2,25,000. ಓಡಾಟ, ಅರ್ಜಿ, ಪ್ರತಿಗಳಿಗೆ 50,000. ಪ್ರಕಟಣೆಗೆ ಮುಂಚೆ ವಕೀಲರ ಓದಿಗೆ 40,000. ಹಳೆಯ ನೆನಪು ಕೆದಕಿದಾಗ ಮಾತನಾಡಿಸಲು ಒಬ್ಬ ಆಪ್ತಸಮಾಲೋಚಕರಿಗೆ 25,000. ನ್ಯಾಯಾಲಯದ ಖರ್ಚಿಗೆಂದು ಮುಟ್ಟದೆ ಇಡಬೇಕಾದದ್ದು 2,00,000. ಉಳಿದ 60,000 ಆರು ತಿಂಗಳ ನಂತರದ ಮರುಭೇಟಿಗೆ. ನ್ಯಾಯಾಲಯದ ಹಣವನ್ನು ನೋಡಿ ದಾನಿಗಳು ಹುಬ್ಬೇರಿಸುತ್ತಾರೆ. ಮಾನನಷ್ಟ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಈಗಲೂ ಅಪರಾಧವೇ, ಎರಡು ವರ್ಷದವರೆಗೆ ಸೆರೆ. ಅದಕ್ಕಿಂತ ಮುಂಚೆ ಬರುವುದು ತಡೆಯಾಜ್ಞೆ. ಬರಹವನ್ನು ಏಕಪಕ್ಷೀಯವಾಗಿ ತಡೆಯುವ ಆಜ್ಞೆ ವಾಡಿಕೆಯಾಗಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಹೇಳಿದೆ, ನಿಜ. ಆ ಮಾತನ್ನು ನ್ಯಾಯಾಧೀಶರ ಮುಂದೆ ಹೋಗಿ ಹೇಳಲಿಕ್ಕೇ ಬೆಂಗಳೂರಿಗೆ ಬಸ್ಸು, ವಕೀಲರು, ವಕಾಲತ್ತು ಬೇಕಲ್ಲ!

ಇಲ್ಲೊಂದು ಕಡೆ ನಿಂತು ಯೋಚಿಸಬೇಕು. ಶೋಧದ ನಡುವೆ ಒಂದು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ವರದಿಗಾರನಿಗೆ ತಿಳಿದರೆ ಏನು? ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ವರದಿಗಾರನಿಗೆ ವಿನಾಯಿತಿಯಿಲ್ಲ, ವರದಿ ಸಿದ್ಧವಾಗಲಿ ಎಂದು ಕಾಯುವಂತಿಲ್ಲ; ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ. 'ನಿಮ್ಮ ಹೆಸರು ಹೇಳುವುದಿಲ್ಲ' ಎಂದು ಅಡುಗೆಯವಳಿಗೆ ಮಾತು ಕೊಟ್ಟ ಮೇಲೆ ಈ ಕಲಮು ನೆನಪಾದರೆ ಕಷ್ಟ. ನಾನು ಸಲಹೆ ಕೊಟ್ಟ ಒಂದು ತಂಡ ಇದಕ್ಕೆ ಕಂಡುಕೊಂಡ ದಾರಿ ನೇರವಾದದ್ದು: ಸಂಸ್ಥೆಯೊಳಗಿನ ಯಾವ ಮಗುವನ್ನೂ ಮಾತನಾಡಿಸಲಿಲ್ಲ. ಸಂಸ್ಥೆಯಿಂದ ಹೊರಬಂದು ವಯಸ್ಕರಾದವರು, ಕೆಲಸ ಬಿಟ್ಟ ಸಿಬ್ಬಂದಿ, ಚಾಲಕರನ್ನು ಮಾತ್ರ ಕಂಡರು. ಪ್ರತಿಯೊಬ್ಬರಿಗೂ ಮಾತಿನ ಮೊದಲೇ, 'ಇಂಥ ವಿಷಯ ಹೇಳಿದರೆ ನಾನು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ' ಎಂದು ಹೇಳಿದರು. ಇಬ್ಬರು ಅಲ್ಲಿಯೇ ಎದ್ದುಹೋದರು. ಉಳಿದವರು ಹೇಳಿದ್ದು ಸಾಕಷ್ಟಾಯಿತು. ನಿಮಗೇ ಈಗ, ಇಂದು, ಒಂದು ಮಗು ಅಪಾಯದಲ್ಲಿದೆ ಎಂದು ಗೊತ್ತಿದ್ದರೆ ಪತ್ರಿಕೋದ್ಯಮವನ್ನು ಮರೆತು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಬೀಗ ಬಿದ್ದರೆ ಮಕ್ಕಳು ಎಲ್ಲಿಗೆ ಎಂಬ ನಿಮ್ಮ ಹೆದರಿಕೆ ಸುಳ್ಳಲ್ಲ. ಬಹಳ ಹಿಂದೆ ನಾನೂ ಕೈಜೋಡಿಸಿದ್ದ ಒಂದು ಸರಣಿಯ ನಂತರ ಸಂಸ್ಥೆಯೊಂದನ್ನು ವಾರದೊಳಗೆ ಮುಚ್ಚಿದರು. ನಮಗೆ ಪ್ರಶಂಸೆ ಬಂತು. ಮಕ್ಕಳನ್ನು ಪರೀಕ್ಷೆಯ ಹಿಂದಿನ ವಾರ ಬಸ್ಸಿನಲ್ಲಿ ಬೇರೆ ಜಿಲ್ಲೆಗೆ ಕರೆದೊಯ್ದದ್ದು ನಮ್ಮಲ್ಲಿ ಯಾರಿಗೂ ಎರಡು ತಿಂಗಳು ಗೊತ್ತೇ ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಕಾನೂನಿನ ಪ್ರಕಾರ ನೋಂದಣಿ ರದ್ದಾದಾಗ ಮಕ್ಕಳ ಮುಂದಿನ ವ್ಯವಸ್ಥೆ ಆಗಲೇಬೇಕು, ಬೀದಿಗಂತೂ ಬಿಡುವುದಿಲ್ಲ. ಆದರೆ ನಿಮ್ಮ ಹುಡುಗಿಗೆ ಆದಂತೆ ಇನ್ನೊಂದು ಸ್ಥಳಾಂತರ ಆಗುತ್ತದೆ. ಮರುಭೇಟಿಗೆ 60,000 ತೆಗೆದಿಟ್ಟದ್ದು ಇದಕ್ಕಾಗಿ. ಪ್ರಕಟಣೆಗೆ ಕೆಲವು ದಿನ ಮೊದಲು ಜಿಲ್ಲಾಧಿಕಾರಿಗೂ ಸಂಸ್ಥೆಗೂ ಲಿಖಿತ ಪ್ರಶ್ನೆ ಕಳುಹಿಸುವಾಗ, 'ಮುಚ್ಚಬೇಕಾಗಿ ಬಂದರೆ ಈ ಮಕ್ಕಳ ಶಾಲೆಯ ವರ್ಷ ಏನಾಗುತ್ತದೆ?' ಎಂಬುದನ್ನೂ ಒಂದು ಪ್ರಶ್ನೆಯಾಗಿ ಸೇರಿಸಲು ನಿಮ್ಮ ಸಂಪಾದಕರಿಗೆ ನನ್ನ ಸಲಹೆಯೆಂದು ಹೇಳಿ.

ಟ್ರಸ್ಟಿಯವರ ಹಣವನ್ನು ಚೆಕ್ ಮೂಲಕ, ಒಂದು ವಿನಯದ ಪತ್ರದ ಜೊತೆ ಹಿಂದಿರುಗಿಸಿ. ಅವರ ಸಂಸ್ಥೆ ಚೆನ್ನಾಗಿಯೇ ಇರಬಹುದು, ಮಾತು ತಮಾಷೆಯದ್ದೇ ಇರಬಹುದು. ಹಣ ಇಟ್ಟುಕೊಂಡರೆ ಅವರ ಸಂಸ್ಥೆ ಒಳ್ಳೆಯದೆಂದು ಬರೆದರೂ ಯಾರೂ ನಂಬುವುದಿಲ್ಲ. ಪತ್ರದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ವಿದ್ಯಾರ್ಥಿನಿ. ವರದಿಗಾರರನ್ನು ಅವಳ ಮನೆಗೆ ಕರೆದೊಯ್ಯಬೇಡಿ, ಅವಳಾಗಿಯೇ ಕೇಳಿದರೂ ಹದಿನೆಂಟು ತುಂಬುವವರೆಗೆ ತಡೆಯಿರಿ. ಅದಕ್ಕಿಂತ ಮುಂಚೆ ಮಾಡಬೇಕಾದ ಬೇರೆ ಕೆಲಸವಿದೆ. ಅವಳಿರುವುದು ತಾಯಿಯ ಜೊತೆ, ಹಾಗಾಗಿ ಪ್ರಾಯೋಜಕತ್ವಕ್ಕೆ ಅರ್ಹಳೇ ಎಂದು ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ತಾಯಿಯಿಂದ ಅರ್ಜಿ ಹಾಕಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಹದಿನೆಂಟಕ್ಕೆ ಸಂಸ್ಥೆಯಿಂದ ಹೊರಬರುವವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ ನೆರವು ಕೊಡಲು ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಲ್ಲಿ ಅವಕಾಶವಿದೆ; ಮೊದಲೇ ಮನೆಗೆ ಮರಳಿದ ಇವಳಿಗೆ ಅದು ಸಿಗುತ್ತದೆಯೇ ಎಂಬುದನ್ನೂ ಲಿಖಿತವಾಗಿಯೇ ಕೇಳಿ. ಆಗದು ಎಂದರೆ ಕಾರಣ ಕಾಗದದಲ್ಲಿ ಬರಲಿ. ಅವಳನ್ನು ಮೂರು ಕಡೆ ಯಾಕೆ ಅಲೆಸಿದರು ಎಂದು ಕೇಳುವ ಹಕ್ಕು ತಾಯಿಗಿದೆ. ತಾಯಿಯ ಹೆಸರಿನಲ್ಲಿಯೇ ಸಮಿತಿಗೆ ಒಂದು ಅರ್ಜಿ ಬರೆದುಕೊಡಿ. ನಿಮ್ಮ ಅಕ್ಷರ ಚೆನ್ನಾಗಿದೆ.